ಕ್ಯಾಂಪಿಯನ್: ಪರರಿಗಾಗಿ ಕಾದುವವನ ಹೆಸರು

ಕಬಡ್ಡಿ, ಕ್ರಿಕೆಟ್ ಗೆದ್ದವರನ್ನು ನಾವೆಲ್ಲ 'ಚಾಂಪಿಯನ್' ಎನ್ನುತ್ತೇವೆ. ಇಂಗ್ಲೆಂಡಿನಲ್ಲಿ ಅದೇ ಪದ ಶತಮಾನಗಳಿಂದ ಅಡ್ಡಹೆಸರಾಗಿಯೂ ಇದೆ. ಕೆಲವು ಮನೆತನಗಳಿಗೆ ಚಾಂಪಿಯನ್, ಇನ್ನು ಕೆಲವಕ್ಕೆ ಕ್ಯಾಂಪಿಯನ್. ಮೂಲ ಒಂದೇ: ಬಯಲು, ರಣರಂಗ ಎಂಬ ಅರ್ಥದ ಲತೀನ್ ಪದ 'ಕಾಂಪುಸ್'. ಬಯಲಿಗಿಳಿದು ಕಾದುವವನು 'ಕಾಂಪಿಯೊ'. ಪ್ಯಾರಿಸ್ ಕಡೆಯ ಫ್ರೆಂಚರ ಬಾಯಲ್ಲಿ 'ಕ' ಹೋಗಿ 'ಚ' ಆಯಿತು. ನಾರ್ಮಂಡಿಯವರು 'ಕ'ವನ್ನೇ ಉಳಿಸಿಕೊಂಡರು. ನಾವು 'ಕಿವಿ' ಅನ್ನುವುದನ್ನು ನೆರೆಯ ತೆಲುಗರೂ ಮಲಯಾಳಿಗಳೂ 'ಚೆವಿ' ಅನ್ನುವುದಿಲ್ಲವೇ, ಹಾಗೆ.

1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಅವರ ವಿಚಿತ್ರ ಕಾನೂನೊಂದು ಅಲ್ಲಿಗೆ ಬಂತು. ಜಮೀನಿನ ತಕರಾರನ್ನು ದ್ವಂದ್ವಯುದ್ಧದಿಂದ ತೀರ್ಮಾನಿಸುವುದು! ದೇವರು ಸತ್ಯವಂತನ ಕೈ ಬಿಡುವುದಿಲ್ಲವೆಂಬ ನಂಬಿಕೆ. ಹಕ್ಕು ಕೇಳಿದವನು ತಾನೇ ಕಾದುವಂತಿರಲಿಲ್ಲ. ಅವನ ಪರವಾಗಿ ಕ್ಯಾಂಪಿಯನ್ ನಿಲ್ಲಬೇಕು. ಕೈಯಲ್ಲಿ ದೊಣ್ಣೆ, ಗುರಾಣಿ. ಆಕಾಶದಲ್ಲಿ ನಕ್ಷತ್ರ ಮೂಡುವವರೆಗೆ ಪ್ರತಿವಾದಿಯ ಕಡೆಯವನು ಸೋಲದೆ ನಿಂತರೆ ಜಮೀನು ಪ್ರತಿವಾದಿಗೇ. ಕ್ಯಾಂಪಿಯನ್ ವಿಷಯ ಬಲ್ಲ ಸಾಕ್ಷಿಯಾಗಿರಬೇಕೆಂಬುದು ನಿಯಮ; ಆದರೆ ಹಣ ಕೊಟ್ಟು ಜಟ್ಟಿಗಳನ್ನು ತರುವುದೇ ರೂಢಿಯಾಯಿತು. ಬಿಷಪರೂ ಮಠಾಧಿಪತಿಗಳೂ ಇದಕ್ಕೆ ಹೊರತಲ್ಲ ಎಂಬುದನ್ನು ನಾವು ಮುಚ್ಚಿಡಬೇಕಾಗಿಲ್ಲ. ಇದು ಹಲವೆಡೆ ಇದ್ದ ಕಸುಬು. ಆದ್ದರಿಂದ ಕ್ಯಾಂಪಿಯನ್ ಎಂಬವರೆಲ್ಲ ಒಂದೇ ವಂಶದವರಲ್ಲ. ಆ ಕಾನೂನು ರದ್ದಾದದ್ದು 1819ರಲ್ಲಿ.

ಈ ಹೆಸರನ್ನು ಹೊತ್ತವರಲ್ಲಿ ನಮಗೆ ಹತ್ತಿರದವರು ಸಂತ ಎಡ್ಮಂಡ್ ಕ್ಯಾಂಪಿಯನ್. 1540ರಲ್ಲಿ ಲಂಡನ್ನಿನ ಪುಸ್ತಕ ವ್ಯಾಪಾರಿಯ ಮಗನಾಗಿ ಹುಟ್ಟಿ, ಆಕ್ಸ್‌ಫರ್ಡಿನಲ್ಲಿ ಹೆಸರು ಮಾಡಿ, 1573ರಲ್ಲಿ ಯೇಸುಸಭೆ ಸೇರಿ, 1578ರಲ್ಲಿ ಪ್ರಾಗ್ ನಗರದಲ್ಲಿ ಗುರುದೀಕ್ಷೆ ಪಡೆದವರು. ಎಲಿಜಬೆತ್ ರಾಣಿಯ ಇಂಗ್ಲೆಂಡಿನಲ್ಲಿ ಕಥೋಲಿಕ ಪೂಜೆಗೆ ನಿಷೇಧವಿತ್ತು. 1580ರಲ್ಲಿ ಅವರು ಒಡವೆ ವ್ಯಾಪಾರಿಯ ವೇಷದಲ್ಲಿ ಒಳಬಂದರು. ತನಗೆ ಬಹಿರಂಗ ವಾದಕ್ಕೆ ಅವಕಾಶ ಕೊಡಿ ಎಂದು ರಾಣಿಯ ಮಂತ್ರಿಗಳಿಗೆ ಸವಾಲಿನ ಪತ್ರ ಬರೆದರು. ಮರುವರ್ಷ ಸೆರೆಯಾದರು. ಸವಾಲಿಗೆ ಉತ್ತರವಾಗಿ ನಾಲ್ಕು ಸಲ ವಾದ ಏರ್ಪಟ್ಟಿತು, ಆದರೆ ಹೇಗೆ? ಎದುರಾಳಿಗಳ ಮುಂದೆ ಪುಸ್ತಕಗಳು. ಹಿಂಸಾಯಂತ್ರದಲ್ಲಿ ಕೈಕಾಲು ಎಳೆಸಿಕೊಂಡಿದ್ದ ಎಡ್ಮಂಡರಿಗೆ ತಯಾರಿಗೆ ಸಮಯವೂ ಇಲ್ಲ, ಪುಸ್ತಕವೂ ಇಲ್ಲ. ನವೆಂಬರಿನಲ್ಲಿ ನ್ಯಾಯಾಲಯ ಕೈ ಎತ್ತಲು ಹೇಳಿದಾಗ ಅವರಿಂದ ಅದೂ ಆಗಲಿಲ್ಲ. ಪಕ್ಕದಲ್ಲಿದ್ದ ಸೆರೆಯಾಳು ಆ ಕೈಗೆ ಮುತ್ತಿಟ್ಟು, ಅವರ ಪರವಾಗಿ ಎತ್ತಿ ಹಿಡಿದನು.

1581ರ ಡಿಸೆಂಬರ್ 1ರಂದು ಟೈಬರ್ನ್‌ನಲ್ಲಿ ಅವರನ್ನು ಕೊಲ್ಲಲಾಯಿತು. 1970ರಲ್ಲಿ ಜಗದ್ಗುರು ಆರನೇ ಪೌಲರು ಸಂತರೆಂದು ಸಾರಿದರು. ಮುಂಬೈ, ಭೋಪಾಲ್, ತಿರುಚಿರಾಪಳ್ಳಿಗಳ ಶಾಲೆಗಳ ಫಲಕಗಳಲ್ಲಿ ಇಂದು ಇರುವುದು ಇದೇ ಹೆಸರು.