ಅಂಗಳದ ಅಳತೆಗೆ ಗಿಟಾರಿನ ದನಿ

ಸುಗ್ಗಿಯ ಹಬ್ಬ ಪುತ್ತರಿಯ ಹೊತ್ತಿಗೆ ಕೊಡಗಿನ ಹಬ್ಬದ ಬಯಲುಗಳಾದ ಮಂದ್‌ಗಳಲ್ಲಿ ಮೊಳಗುವ ಕೊಂಬು, ಕೊಟ್ಟು, ವಾಲಗಕ್ಕೆ ಕರೆಂಟು ಬೇಕಿಲ್ಲ. ಬಯಲಲ್ಲಿ, ಮಂಜಿನ ನಡುವೆ, ಗುಡ್ಡದಾಚೆಗೂ ಕೇಳಿಸಬೇಕೆಂದೇ ರೂಪುಗೊಂಡ ವಾದ್ಯಗಳವು. ದುಡಿ ಹಿಡಿದು ಹಾಡುವ ನಾಲ್ವರ ದನಿಯೂ ಮನೆತನದ ಮೂಲಮನೆಯಾದ ಐನ್‌ಮನೆಯ ಜಗಲಿಯಿಂದ ಅಂಗಳದ ಕೊನೆಯವರೆಗೆ ಸಲೀಸಾಗಿ ಹೋಗುತ್ತದೆ. ಗಿಟಾರಿಗೆ ಆ ಕಸುವು ಹುಟ್ಟಿನಿಂದ ಬಂದಿಲ್ಲ. ಹತ್ತು ಜನ ಮಾತಾಡುತ್ತ ಕೂತ ಕೋಣೆಯಲ್ಲೇ ಅದರ ಸ್ವರ ಅಡಗಿಹೋಗುತ್ತದೆ. ಆದರೂ ಇವತ್ತು ಕೊಡಗಿನ ಹೋಂಸ್ಟೇ ಅಂಗಳಗಳಲ್ಲಿ, ರೆಸಾರ್ಟಿನ ಊಟದ ಹಾಲ್‌ಗಳಲ್ಲಿ, ಚರ್ಚಿನ ಗಾಯನವೃಂದದಲ್ಲಿ, ಮದುವೆಮನೆಯ ಸಂಜೆಗಳಲ್ಲಿ ಗಿಟಾರ್ ಇದೆ. ನುಡಿಸುವ ಹುಡುಗ ಹುಡುಗಿಯರನ್ನು ಕಾಡುವ ಪ್ರಶ್ನೆಯೂ ಒಂದೇ: ಕೈಗೆಟಕುವ ಬೆಲೆಯಲ್ಲಿ ಯಾವ ಆಂಪ್ಲಿಫೈಯರ್ ಕೊಳ್ಳುವುದು?

ಅಂಗಡಿಯಲ್ಲಿ ಇದಕ್ಕೆ ಸಿಗುವ ಉತ್ತರ ವ್ಯಾಟ್‌ಗಳಲ್ಲಿರುತ್ತದೆ. ‘ಇದು ನಲವತ್ತು, ಅದು ನೂರು, ಸ್ವಲ್ಪ ಹೆಚ್ಚು ಕೊಟ್ಟರೆ ನೂರರದ್ದೇ ಬರುತ್ತೆ.’ ಈ ಲೆಕ್ಕ ಎಲ್ಲಿಂದ ಬಂತು, ನಮ್ಮ ಅಂಗಳಕ್ಕೆ ಯಾಕೆ ಹೊಂದುವುದಿಲ್ಲ ಎಂಬುದು ಗೊತ್ತಾಗಬೇಕಾದರೆ ಆ ಪೆಟ್ಟಿಗೆಯ ಜಾತಕವನ್ನೇ ಬಿಡಿಸಬೇಕು.

ಗಿಟಾರಿನ ಆಂಪ್ ರೇಡಿಯೋದ ಒಡಹುಟ್ಟು. 1920ರ ದಶಕದ ಅಮೆರಿಕದ ನೃತ್ಯಗೋಷ್ಠಿಗಳಲ್ಲಿ ಕಹಳೆ, ಡ್ರಮ್ಮುಗಳ ನಡುವೆ ಗಿಟಾರಿಗರು ಕೈ ನೋಯುವಷ್ಟು ಮೀಟಿದರೂ ಕೇಳಿಸುತ್ತಿರಲಿಲ್ಲ. ತೊಡೆಯ ಮೇಲೆ ಮಲಗಿಸಿ ನುಡಿಸುವ ಹವಾಯಿಯನ್ ಗಿಟಾರಿಗೆ ಆಗ ಎಲ್ಲಿಲ್ಲದ ಬೇಡಿಕೆ. ಜಾರ್ಜ್ ಬೋಶಾಂಪ್ ಮತ್ತು ಅಡಾಲ್ಫ್ ರಿಕನ್‌ಬ್ಯಾಕರ್ ಸೇರಿ, ತಂತಿಯ ಕಂಪನವನ್ನು ಅಯಸ್ಕಾಂತದಿಂದ ವಿದ್ಯುತ್ತಾಗಿ ಹಿಡಿಯುವ ಗಿಟಾರನ್ನು 1932ರಲ್ಲಿ ಮಾರುಕಟ್ಟೆಗೆ ತಂದರು. ಆ ಕ್ಷೀಣ ವಿದ್ಯುತ್ತನ್ನು ಹಿಗ್ಗಿಸಲು ರೇಡಿಯೋದಲ್ಲಿದ್ದ ಗಾಜಿನ ಕೊಳವೆಗಳನ್ನು, ಅಂದರೆ ವಾಲ್ವುಗಳನ್ನೇ ಬಳಸಿಕೊಂಡರು. ಮುಂದೆ ಈ ಕೆಲಸವನ್ನು ಎತ್ತಿಕೊಂಡ ಲಿಯೋ ಫೆಂಡರ್ 1938ರಿಂದ ಕ್ಯಾಲಿಫೋರ್ನಿಯಾದ ಫುಲರ್ಟನ್‌ನಲ್ಲಿ ರೇಡಿಯೋ ರಿಪೇರಿ ಅಂಗಡಿ ನಡೆಸುತ್ತಿದ್ದವರು. ಅವರಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ನುಡಿಸುವವರ ದೂರುಗಳನ್ನು ತಾಳ್ಮೆಯಿಂದ ಕೇಳುವುದು ಮಾತ್ರ ಚೆನ್ನಾಗಿ ಬರುತ್ತಿತ್ತು. ಕೆಟ್ಟರೆ ಸುಲಭವಾಗಿ ಬಿಚ್ಚಿ ಸರಿಪಡಿಸಬಹುದಾದ ಗಟ್ಟಿಮುಟ್ಟು ಪೆಟ್ಟಿಗೆಗಳನ್ನು ಅವರು ಕಟ್ಟಿದರು.

ಮುಂದಿನ ತಿರುವು ಲಂಡನ್ನಿನದು, ಅದರ ಹಿಂದೆ ಇದ್ದದ್ದು ಬೆಲೆಯ ಸಂಕಟ. ಆಮದಾಗಿ ಬರುತ್ತಿದ್ದ ಫೆಂಡರ್ ಆಂಪ್‌ಗಳು ಅಲ್ಲಿನ ಹುಡುಗರ ಕೈಗೆ ಎಟಕುತ್ತಿರಲಿಲ್ಲ. ಡ್ರಮ್ ಮೇಷ್ಟ್ರಾಗಿದ್ದ ಜಿಮ್ ಮಾರ್ಷಲ್ ಹ್ಯಾನ್‌ವೆಲ್‌ನಲ್ಲಿ ವಾದ್ಯಗಳ ಅಂಗಡಿ ಇಟ್ಟಿದ್ದರು. ಗಿರಾಕಿಗಳ ಗೋಳು ಕೇಳಿ, ಫೆಂಡರ್ ಬಾಸ್‌ಮನ್‌ನ ಸರ್ಕ್ಯೂಟನ್ನೇ ಮಾದರಿಯಾಗಿಟ್ಟುಕೊಂಡು, ಇಂಗ್ಲೆಂಡಿನಲ್ಲಿ ಸಿಗುವ ಬಿಡಿಭಾಗಗಳಿಂದ 1962ರಲ್ಲಿ ಜೆಟಿಎಂ45 ಎಂಬ ಆಂಪ್ ತಯಾರಿಸಿದರು. ರಾಕ್ ಸಂಗೀತದ ಅತಿ ಪ್ರಸಿದ್ಧ ದನಿ ಹುಟ್ಟಿದ್ದು ಅಗ್ಗದ ಆಂಪ್ ಹುಡುಕುತ್ತ ಹೋದಾಗ. ಕಡಿಮೆ ದುಡ್ಡಿನಲ್ಲಿ ಆಂಪ್ ಕೊಳ್ಳಲು ಹೊರಟವರು ಯಾರೂ ಸಂಕೋಚಪಡಬೇಕಿಲ್ಲ.

ಅದೇ ಕಾಲದ ಇನ್ನೊಂದು ಬ್ರಿಟಿಷ್ ಹೆಸರು ವಾಕ್ಸ್. 1958ರ ಎಸಿ15, ಅದರ ಬೆನ್ನಿಗೇ ಬಂದ ಎಸಿ30 ಆಂಪ್‌ಗಳ ಜೀವಾಳ ಇಎಲ್84 ಎಂಬ ಬೆರಳುದ್ದದ ವಾಲ್ವು. ಇಲ್ಲಿ ಕರ್ನಾಟಕದ ಒಂದು ಎಳೆ ಬಂದು ಕೂಡುತ್ತದೆ. 1954ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್, ಅಂದರೆ ನಮ್ಮ ಬಿಇಎಲ್, 1961ರಲ್ಲಿ ರೇಡಿಯೋ ವಾಲ್ವುಗಳ ತಯಾರಿಕೆ ಆರಂಭಿಸಿತು. ಮನೆಯ ರೇಡಿಯೋಗಳಿಗೆಂದು ತಯಾರಾದ ವಾಲ್ವುಗಳಲ್ಲಿ ಇಎಲ್84 ಕೂಡ ಇತ್ತು. ಬಿಇಎಲ್ ಮುದ್ರೆಯ ಆ ವಾಲ್ವುಗಳನ್ನು ಹೊರದೇಶಗಳ ಗಿಟಾರಿಗರು ಇಂದಿಗೂ ಹುಡುಕಿ ಕೊಳ್ಳುತ್ತಾರೆ. ಜಾಲಹಳ್ಳಿಯ ಬಿಇಎಲ್ ಕಾರ್ಮಿಕರ ಕೈಗೆಲಸ ಯಾವುದೋ ದೇಶದ ಸಣ್ಣ ವೇದಿಕೆಯಲ್ಲಿ ಇನ್ನೂ ಹಾಡುತ್ತಿದೆ ಎಂಬುದನ್ನು ನೆನೆದರೆ ನನಗೆ ನಿಜಕ್ಕೂ ಹೆಮ್ಮೆಯಾಗುತ್ತದೆ.

ವಾಲ್ವು ಇಲ್ಲೇ ತಯಾರಾದರೂ ಗಿಟಾರ್ ಆಂಪ್ ಸುಲಭಕ್ಕೆ ಸಿಗುತ್ತಿರಲಿಲ್ಲ. ಆಮದಿಗೆ ಕಟ್ಟುಪಾಡಿದ್ದ ಆ ದಶಕಗಳಲ್ಲಿ ಸಣ್ಣ ಊರಿನವರಿಗೆ ಇದ್ದದ್ದು ಮೈಕ್ ಸೆಟ್, ಬಹುಮಟ್ಟಿಗೆ ಅಹುಜಾ ಕಂಪನಿಯದು. ಗಿಟಾರನ್ನು ಅದಕ್ಕೇ ಚುಚ್ಚುವುದು ಈಗಲೂ ನಡೆದಿದೆ. ಅದರಿಂದ ದನಿ ಕೆಡಲು ಕಾರಣಗಳಿವೆ. ತಂತಿಯ ಕಂಪನವನ್ನು ಹಿಡಿಯುವ ಎಲೆಕ್ಟ್ರಿಕ್ ಗಿಟಾರಿನ ಪಿಕಪ್ ಬಯಸುವುದು ತನ್ನಿಂದ ತೀರಾ ಕಡಿಮೆ ವಿದ್ಯುತ್ತನ್ನು ಎಳೆಯುವ ಇನ್‌ಪುಟ್ಟನ್ನು, ಹತ್ತಿರಹತ್ತಿರ ಹತ್ತು ಲಕ್ಷ ಓಮ್ ರೋಧವಿರುವಂಥದ್ದನ್ನು. ಮೈಕ್ ಇನ್‌ಪುಟ್ಟಿನ ರೋಧ ಕೆಲವೇ ಸಾವಿರ ಓಮ್. ಅಲ್ಲಿಗೆ ಚುಚ್ಚಿದರೆ ತಾರದ ಹೊಳಪೆಲ್ಲ ಇಂಗಿಹೋಗುತ್ತದೆ. ಭಾಷಣಕ್ಕೆಂದು ಮಾಡಿದ ಹಾರ್ನ್ ಸ್ಪೀಕರ್ ಮಂದ್ರವನ್ನು ನುಂಗುತ್ತದೆ. ನಡುವೆ ಡಿಐ ಬಾಕ್ಸ್ ಎಂಬ ಪುಟ್ಟ ಪೆಟ್ಟಿಗೆ ಇಟ್ಟರೆ ಅರ್ಧ ಸಮಸ್ಯೆ ತೀರುತ್ತದೆ, ಇನ್ನರ್ಧ ಸ್ಪೀಕರಿನದು.

ಇನ್ನು ನೂರು ವ್ಯಾಟ್‌ನ ಮೋಹ. 1965ರ ಸುಮಾರಿಗೆ ‘ದ ಹೂ’ ಎಂಬ ರಾಕ್ ತಂಡದವರು ಕೇಳಿದರೆಂದು ಮಾರ್ಷಲ್ ನೂರು ವ್ಯಾಟ್‌ನ ಆಂಪ್ ಕಟ್ಟಿದರು. ಆಗ ಸಭಾಂಗಣಗಳ ಧ್ವನಿವರ್ಧಕ ವ್ಯವಸ್ಥೆ ಬಡಕಲಾಗಿತ್ತು, ಸಾವಿರಾರು ಜನರನ್ನು ಮುಟ್ಟುವ ಹೊರೆಯನ್ನು ಗಿಟಾರಿನ ಆಂಪೇ ಹೊರಬೇಕಿತ್ತು. ಮುಂದೆ ಧ್ವನಿವರ್ಧಕಗಳು ಬಲಿತವು, ಆಂಪ್‌ನ ಮುಂದೊಂದು ಮೈಕ್ ಇಟ್ಟರೆ ಸಾಕಾಯಿತು. ಅಗತ್ಯ ತೀರಿದ ಮೇಲೂ ಮೋಹ ಉಳಿಯಿತು.

ಕಿವಿಯ ಗಣಿತ ಬೇರೆಯೇ ಇದೆ. ವ್ಯಾಟ್ ಇಮ್ಮಡಿಯಾದರೆ ಹೆಚ್ಚುವುದು 3 ಡೆಸಿಬೆಲ್ ಮಾತ್ರ, ಅದು ‘ತುಸು ಜೋರಾಯಿತು’ ಅನ್ನುವಷ್ಟು. ಕಿವಿಗೆ ಎರಡು ಪಟ್ಟು ಅನ್ನಿಸಬೇಕಾದರೆ ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು. ಸ್ಪೀಕರಿನ ಸಂವೇದನೆ ಇದಕ್ಕಿಂತ ಮುಖ್ಯ. ಒಂದು ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ 97 ಡೆಸಿಬೆಲ್ ಕೊಡುವ ಹನ್ನೆರಡು ಇಂಚಿನ ಸ್ಪೀಕರಿಗೂ 90 ಕೊಡುವ ಸಣ್ಣ ಸ್ಪೀಕರಿಗೂ ಇರುವ ಅಂತರ ಐದು ಪಟ್ಟು ವ್ಯಾಟ್‌ಗೆ ಸಮ. ಆ ಸಣ್ಣದಕ್ಕೇ ಐದು ವ್ಯಾಟ್ ಕೊಟ್ಟೆವೆನ್ನಿ. ಒಂದು ಮೀಟರ್ ದೂರದಲ್ಲಿ 97. ಬಯಲಲ್ಲಿ ದೂರ ಇಮ್ಮಡಿಸಿದಾಗಲೆಲ್ಲ 6 ಡೆಸಿಬೆಲ್ ಇಳಿಯುವುದರಿಂದ ಎಂಟು ಮೀಟರ್ ಆಚೆ 79. ಸಾಮಾನ್ಯ ಮಾತುಕತೆ 60ರ ಆಸುಪಾಸು. ಬೆಂಕಿಯ ಸುತ್ತ ಕೂತ ಮೂವತ್ತು ಜನಕ್ಕೆ ಇದು ಧಾರಾಳವಾಗಿ ಸಾಕು.

ಈ ಐದು ವ್ಯಾಟ್‌ನ ಪೆಟ್ಟಿಗೆ ಬಂದದ್ದು ಟ್ರಾನ್ಸಿಸ್ಟರ್ ದಾರಿಯಲ್ಲಿ. 1947ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ ಟ್ರಾನ್ಸಿಸ್ಟರನ್ನು ಗಿಟಾರಿಗರು ಬಹುಕಾಲ ದೂರವೇ ಇಟ್ಟಿದ್ದರು. ವಾಲ್ವನ್ನು ಮಿತಿಮೀರಿ ದುಡಿಸಿದರೆ ಅದು ಹಿತವಾಗಿ ಒರಟಾಗುತ್ತದೆ, ಟ್ರಾನ್ಸಿಸ್ಟರ್ ಕಿರುಚುತ್ತದೆ. ಸ್ವಚ್ಛ ದನಿಯಲ್ಲಿ ಅದರ ಶಕ್ತಿಯನ್ನು ತೋರಿಸಿಕೊಟ್ಟದ್ದು 1975ರಲ್ಲಿ ಜಪಾನಿನ ರೋಲ್ಯಾಂಡ್ ತಂದ ಜಾಝ್ ಕೋರಸ್. ಅದೇ ದಶಕದಲ್ಲಿ ಪಿಗ್‌ನೋಸ್ ಎಂಬ ಅಮೆರಿಕದ ಪುಟ್ಟ ಆಂಪ್ ಆರು ಪೆನ್ಸಿಲ್ ಸೆಲ್ಲುಗಳ ಮೇಲೆ ನಡೆದು, ಗಿಟಾರನ್ನು ಗೋಡೆಯ ಪ್ಲಗ್ಗಿನಿಂದ ಬಿಡಿಸಿತು. ರೋಲ್ಯಾಂಡ್‌ನ ಮೈಕ್ರೋ ಕ್ಯೂಬ್, ಬಳಿಕ ಕ್ಯೂಬ್ ಸ್ಟ್ರೀಟ್ ಅದೇ ಹಾದಿಯವು. ಎರಡನೆಯದರಲ್ಲಿ ಆರೂವರೆ ಇಂಚಿನ ಎರಡು ಸ್ಪೀಕರು, ಒಟ್ಟು ಐದು ವ್ಯಾಟ್, ಆರು ಸೆಲ್ಲು, ಜೊತೆಗೆ ಹಾಡುವವರಿಗೆ ಮೈಕಿನ ಇನ್‌ಪುಟ್. ಹಳೆಯ ಆಂಪ್‌ಗಳ ನಡವಳಿಕೆಯನ್ನು ಲೆಕ್ಕದಿಂದ ಅನುಕರಿಸುವ ಡಿಜಿಟಲ್ ವಿದ್ಯೆಯನ್ನು ಲೈನ್ 6 ಕಂಪನಿ 1996ರಲ್ಲಿ ಆಂಪ್‌ನೊಳಗೆ ತಂದಿತ್ತು. ಇವೆಲ್ಲ ಕೂಡಿದ ಮೇಲೆ ಅಗ್ಗದ ಪೆಟ್ಟಿಗೆಯೆಂದರೆ ಕೆಟ್ಟ ದನಿ ಎಂಬ ಮಾತು ಹಳತಾಯಿತು. 2016ರ ಬಾಸ್ ಕಂಪನಿಯ ಕಟಾನಾ ಐವತ್ತು ವ್ಯಾಟ್‌ನದಾದರೂ ಒಂದು ಗುಂಡಿ ತಿರುಗಿಸಿದರೆ ಅರ್ಧ ವ್ಯಾಟ್‌ಗೆ ಇಳಿಯುತ್ತದೆ. ಮನೆಗೂ ವೇದಿಕೆಗೂ ಒಂದೇ ಆಂಪ್ ಬೇಕೆನ್ನುವವರಿಗೆ ನಾನು ಮೊದಲು ಹೇಳುವ ಹೆಸರು ಅದೇ.

ಕೊಡಗಿನಲ್ಲಿ ಮಾತ್ರ ಬ್ಯಾಟರಿಯ ಗುಣಕ್ಕೆ ಹೆಚ್ಚು ಅಂಕ ಕೊಡಬೇಕು. ಮುಂಗಾರು ಹಿಡಿದರೆ ಮರ ಬಿದ್ದು ಲೈನ್ ಹರಿದು, ತೋಟದ ಮನೆಗಳಲ್ಲಿ ಕರೆಂಟು ಯಾವಾಗ ಬಂದೀತೆಂದು ಹೇಳಲಾಗದು. ಜನರೇಟರ್ ಶುರುವಾದರೆ ವೋಲ್ಟೇಜ್ ಏರಿಳಿದು ಆಂಪ್ ಗುಂಯ್‌ಗುಡುತ್ತದೆ. ಅಕೂಸ್ಟಿಕ್ ಗಿಟಾರ್ ಹಿಡಿದು ತಾನೇ ಹಾಡುವವರು ಎರಡು ಚಾನೆಲ್ಲಿನ, ಟ್ವೀಟರ್ ಇರುವ, ಬ್ಯಾಟರಿಯ ಅಕೂಸ್ಟಿಕ್ ಆಂಪ್ ಕೊಳ್ಳಲಿ. ಎಲೆಕ್ಟ್ರಿಕ್ ಗಿಟಾರಿನ ಸ್ಪೀಕರು 5,000 ಹರ್ಟ್ಸ್ ದಾಟಿದ ಮೇಲೆ ಬೇಕೆಂದೇ ಸುಮ್ಮನಾಗುತ್ತದೆ. ಅದರಲ್ಲಿ ಹಾಡಿದರೆ ಕಂಬಳಿ ಹೊದ್ದು ಹಾಡಿದ ಹಾಗೆ. ಡ್ರಮ್ಮಿನ ಜೊತೆ ಎಲೆಕ್ಟ್ರಿಕ್ ಗಿಟಾರ್ ನುಡಿಸುವವರಿಗೆ ಹದಿನೈದು ವ್ಯಾಟ್‌ನ ವಾಲ್ವ್ ಆಂಪ್ ಅಥವಾ ನಲವತ್ತು–ಐವತ್ತು ವ್ಯಾಟ್‌ನ ಟ್ರಾನ್ಸಿಸ್ಟರ್ ಆಂಪ್, ಹನ್ನೆರಡು ಇಂಚಿನ ಸ್ಪೀಕರಿನದು, ಸಾಕು. ಕೊಡವ ಸಮಾಜದಂಥ ದೊಡ್ಡ ಹಾಲಿಗೂ ಅದೇ ಆಂಪ್ ಒಯ್ಯಿರಿ. ಮುಂದೊಂದು ಮೈಕ್ ಇಟ್ಟು ಹಾಲಿನ ಧ್ವನಿವರ್ಧಕಕ್ಕೆ ಕೊಡಿ.

ಸಣ್ಣ ಆಂಪ್ ಆರಿಸಲು ಕಾನೂನೂ ಒಂದು ಕಾರಣ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಮಡಿಕೇರಿ ದಸರೆಯ ದಶಮಂಟಪಗಳ ಮೆರವಣಿಗೆಯ ಗದ್ದಲದ ರಾತ್ರಿ ವರ್ಷಕ್ಕೊಮ್ಮೆ ಬರುವಂಥದ್ದು. ಉಳಿದ ರಾತ್ರಿಗಳಲ್ಲಿ ಪಕ್ಕದ ತೋಟದವರ ನಿದ್ದೆಯೂ ನಮ್ಮ ಲೆಕ್ಕದಲ್ಲಿರಬೇಕು. ಸಣ್ಣ ಆಂಪ್ ಆ ಮರ್ಯಾದೆಯನ್ನು ತಾನಾಗಿ ಕಾಯುತ್ತದೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ನಿಮ್ಮದೇ ಗಿಟಾರ್, ನಿಮ್ಮದೇ ಕೇಬಲ್ ಒಯ್ಯಿರಿ. ಪ್ರತಿ ಗುಂಡಿಯನ್ನೂ ತಿರುಗಿಸಿ, ಕರಕರ ಅಂದರೆ ಒಳಗೆ ದೂಳೋ ತೇವವೋ ಸೇರಿದೆ. ಟಾರ್ಚ್ ಹಿಡಿದು ಸ್ಪೀಕರಿನ ಕಾಗದದ ಮೇಲೆ ಬೂಷ್ಟು ಇದೆಯೇ ನೋಡಿ. ನಮ್ಮ ಮಳೆಗಾಲ ಅದನ್ನು ಬಿಡುವುದಿಲ್ಲ. ಜಾಕಿನ ತುಕ್ಕನ್ನೂ ಗಮನಿಸಿ. ವಾಲ್ವ್ ಆಂಪನ್ನು ಮಾತ್ರ ನೀವೇ ಬಿಚ್ಚಬೇಡಿ, ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರುಗಳಲ್ಲಿ 300 ವೋಲ್ಟಿಗೂ ಹೆಚ್ಚು ಉಳಿದಿರಬಹುದು. ಅಮೆರಿಕದ ನೆಂಟರು ತಂದುಕೊಟ್ಟದ್ದಾದರೆ ಹಿಂಬದಿಯ ಪಟ್ಟಿ ಓದಿ. 120 ವೋಲ್ಟ್ ಎಂದಷ್ಟೇ ಇದ್ದರೆ, 230 ವೋಲ್ಟನ್ನು ಇಳಿಸುವ ಟ್ರಾನ್ಸ್‌ಫಾರ್ಮರಿನ ಬೆಲೆಯನ್ನೂ ಸೇರಿಸಿ ಚೌಕಾಶಿ ಮಾಡಿ.