ವರ್ಷಕ್ಕೆ 1,189 ಅಧ್ಯಾಯ: ಸತ್ಯವೇದದ ದಿನದ ಓದಿನ ಲೆಕ್ಕ

ಡಿಸೆಂಬರ್ 31ರ ರಾತ್ರಿಯ ಆರಾಧನೆ ಮುಗಿದ ಮೇಲೆ ನಮ್ಮ ಎಷ್ಟೋ ಚರ್ಚುಗಳಲ್ಲಿ ವಾಗ್ದಾನದ ಕಾರ್ಡು ಹಂಚುತ್ತಾರೆ. ಕಾರ್ಡಿನ ಮೇಲೆ ಒಂದೇ ಒಂದು ವಚನ. ಅದನ್ನು ವರ್ಷವಿಡೀ ಜೋಪಾನ ಮಾಡುತ್ತೇವೆ, ಕಷ್ಟ ಬಂದಾಗ ನೆನೆಯುತ್ತೇವೆ. ಆ ವಚನವಿರುವ ಗ್ರಂಥದಲ್ಲಿ, ಕಿಂಗ್ ಜೇಮ್ಸ್ ಆವೃತ್ತಿಯ ಎಣಿಕೆಯಂತೆ, ಒಟ್ಟು 31,102 ವಚನಗಳಿವೆ. ಉಳಿದ 31,101 ವಚನಗಳನ್ನು ಒಂದು ವರ್ಷದಲ್ಲಿ ಓದಿ ಮುಗಿಸಲು ಏನು ಬೇಕು? ಹಾಗೆ ದಿನದಿನ ಓದುತ್ತ ಬಂದವಳಾಗಿ ಆ ಲೆಕ್ಕವನ್ನು ಇಲ್ಲಿ ಬಿಡಿಸಿ ಇಡುತ್ತಿದ್ದೇನೆ.

ಪ್ರಾಟೆಸ್ಟೆಂಟ್ ಬೈಬಲಿನಲ್ಲಿ 66 ಪುಸ್ತಕಗಳು, ಕಥೋಲಿಕರದ್ದರಲ್ಲಿ 73. ನನ್ನ ಲೆಕ್ಕ 66ರದ್ದು. ಹಳೆಯ ಒಡಂಬಡಿಕೆಯಲ್ಲಿ 929 ಅಧ್ಯಾಯ, ಹೊಸ ಒಡಂಬಡಿಕೆಯಲ್ಲಿ 260, ಕೂಡಿದರೆ 1,189. ಇದನ್ನು 365ರಿಂದ ಭಾಗಿಸಿದರೆ ದಿನಕ್ಕೆ ಮೂರೂಕಾಲು ಅಧ್ಯಾಯ, ಸುಮಾರು 85 ವಚನ. ಒಂದು ಅಧ್ಯಾಯವನ್ನು ನಿಧಾನವಾಗಿ ಓದಲು ಐದು ನಿಮಿಷ ಎಂದಿಟ್ಟುಕೊಳ್ಳಿ. ವರ್ಷಕ್ಕೆ 5,945 ನಿಮಿಷ, ಅಂದರೆ ಸುಮಾರು 99 ಗಂಟೆ. ದಿನಕ್ಕೆ ಬೀಳುವುದು 16 ನಿಮಿಷ. ಹೊತ್ತಿಲ್ಲ ಎನ್ನುವವರ ಮುಂದೆ ನಾನು ಮೊದಲು ಇಡುವುದು ಈ 16ನ್ನೇ.

ಹಳಬರು ಪಾಲಿಸುತ್ತ ಬಂದ ಒಂದು ಕ್ರಮವಿದೆ: ವಾರದ ದಿನಗಳಲ್ಲಿ ಮೂರು ಅಧ್ಯಾಯ, ಭಾನುವಾರ ಐದು. ವಾರಕ್ಕೆ 23, ಐವತ್ತೆರಡು ವಾರಕ್ಕೆ 1,196. ಜ್ವರ ಬಂದೋ ಮನೆಗೆ ನೆಂಟರು ಬಂದೋ ಓದು ತಪ್ಪಿದರೆ ಏಳು ಅಧ್ಯಾಯಗಳಷ್ಟು ಸಡಿಲು ಉಂಟು. ಆದರೆ ಈ ಕ್ರಮದಲ್ಲಿ ಮೊದಲ ಪುಟದಿಂದ ನೇರವಾಗಿ ಹೊರಟರೆ ಪಯಣ ಹೇಗಿರುತ್ತದೆಂದು ಪಂಚಾಂಗದ ಮೇಲೆ ಗುರುತು ಹಾಕಿ ನೋಡಿದೆ. ಆದಿಕಾಂಡದ ಕಥೆಗಳೂ ವಿಮೋಚನಕಾಂಡವೂ ಜನವರಿಯಲ್ಲೇ ಮುಗಿಯುತ್ತವೆ. ತಿಂಗಳ ಕೊನೆಯ ದಿನಗಳಲ್ಲಿ ಯಾಜಕಕಾಂಡ ಶುರು. ಫೆಬ್ರವರಿ ಪೂರ್ತಿ ಬಲಿಗಳು, ಶುದ್ಧಾಚಾರ, ಜನಗಣತಿ, ಪಾಳೆಯದ ವ್ಯವಸ್ಥೆ, ಧರ್ಮೋಪದೇಶ. ಕೀರ್ತನೆ 117 ಬರುವುದು ಜೂನ್ ಮುಗಿಯುವಾಗ. ಇಡೀ ಬೈಬಲಿನ ನಟ್ಟನಡುವಿನ ಅಧ್ಯಾಯ ಅದೇ. ಅದರ ಹಿಂದೆ 594, ಮುಂದೆ 594. ಅತಿ ಚಿಕ್ಕ ಅಧ್ಯಾಯವೂ ಅದೇ, ಎರಡೇ ವಚನ. ಒಂದನ್ನು ದಾಟಿದರೆ ಅತಿ ದೊಡ್ಡದಾದ ಕೀರ್ತನೆ 119, ಅದರಲ್ಲಿ 176 ವಚನ. ಮತ್ತಾಯನ ಸುವಾರ್ತೆಯ ಮೊದಲ ಪುಟ ತೆರೆಯುವುದು ಅಕ್ಟೋಬರ್ ಎರಡನೆಯ ವಾರ. ಯೇಸುವಿನ ಮಾತು ಕೇಳಲೆಂದು ಬೈಬಲ್ ಹಿಡಿದವರು ಒಂಬತ್ತು ತಿಂಗಳು ದಾಟಿ ಕಾಯಬೇಕು.

ನನ್ನ ಬಳಗದಲ್ಲಿ ಓದು ಬಿಟ್ಟವರಲ್ಲಿ ಹೆಚ್ಚಿನವರು ಫೆಬ್ರವರಿಯಲ್ಲೇ ಬಿಟ್ಟವರು. ಅವರನ್ನು ದೂರಲಾರೆ. ಆದರೆ ಅವರು ಬಿಟ್ಟುಬಂದ ಪುಟಗಳಲ್ಲಿ ಏನಿದೆಯೆಂದು ಹೇಳದಿದ್ದರೆ ಈ ಲೆಕ್ಕ ಅರ್ಧವಾಗುತ್ತದೆ.

ವಿಮೋಚನಕಾಂಡದ 38ನೇ ಅಧ್ಯಾಯ ನೋಡಿ. ದೇವದರ್ಶನದ ಗುಡಾರ ಕಟ್ಟಲು ಬಂದ ಲೋಹದ ಜಮಾಖರ್ಚು ಅಲ್ಲಿದೆ. ಬೆಳ್ಳಿ 100 ತಲಾಂತು, ಮೇಲೆ 1,775 ಶೆಕೆಲ್. ಕೊಟ್ಟವರು 6,03,550 ಗಂಡಸರು, ತಲೆಗೆ ಅರ್ಧ ಶೆಕೆಲ್. ಒಂದು ತಲಾಂತಿಗೆ 3,000 ಶೆಕೆಲ್. ಕಾಗದ ಪೆನ್ನು ಹಿಡಿದು ಗುಣಿಸಿದರೆ ಎರಡೂ ಕಡೆ 3,01,775 ಬರುತ್ತದೆ, ಒಂದು ಶೆಕೆಲ್ ಹೆಚ್ಚಿಲ್ಲ, ಕಡಿಮೆಯಿಲ್ಲ. ನೂರು ತಲಾಂತಿನಿಂದ ನೂರು ಗದ್ದಿಗೇಕಲ್ಲುಗಳನ್ನು ಎರಕ ಹೊಯ್ದರು. ಉಳಿದ 1,775 ಶೆಕೆಲ್ ಕಂಬದ ಕೊಂಡಿಗಳಿಗೆ ಹೋಯಿತು. ಜನರಿಂದ ಎತ್ತಿದ ಹಣ ಎಲ್ಲಿ ಹೋಯಿತೆಂದು ಕೊಂಡಿಯ ತನಕ ಬರೆದಿಟ್ಟ ಆ ಪುಟ ನನಗೆ ಕೀರ್ತನೆಯಷ್ಟೇ ಪ್ರಿಯ. ಅರ್ಧ ಶೆಕೆಲಿನ ಹಿಂದಿನ ನಿಯಮ ಎಂಟು ಅಧ್ಯಾಯ ಹಿಂದೆ ಇದೆ: ಐಶ್ವರ್ಯವಂತ ಹೆಚ್ಚು ಕೊಡಬಾರದು, ಬಡವ ಕಡಿಮೆ ಕೊಡಬಾರದು. ಗುಡಾರವನ್ನು ಹೊತ್ತು ನಿಂತ ಗದ್ದಿಗೇಕಲ್ಲುಗಳಲ್ಲಿ ಎಲ್ಲರ ಪಾಲೂ ಒಂದೇ ತೂಕದ್ದು.

ಅರಣ್ಯಕಾಂಡದ 7ನೇ ಅಧ್ಯಾಯಕ್ಕೆ 89 ವಚನ. ಕೀರ್ತನೆ 119 ಬಿಟ್ಟರೆ ಇದೇ ಉದ್ದ. ಹನ್ನೆರಡು ಕುಲದ ಮುಖ್ಯಸ್ಥರು ಹನ್ನೆರಡು ದಿನ ಒಬ್ಬೊಬ್ಬರಾಗಿ ಕಾಣಿಕೆ ತರುತ್ತಾರೆ. 130 ಶೆಕೆಲಿನ ಬೆಳ್ಳಿಯ ತಟ್ಟೆ, 70 ಶೆಕೆಲಿನ ಬೆಳ್ಳಿಯ ಬಟ್ಟಲು, 10 ಶೆಕೆಲಿನ ಚಿನ್ನದ ಪಾತ್ರೆ. ಹನ್ನೆರಡು ಜನರದ್ದೂ ಒಂದೇ ಕಾಣಿಕೆ, ಹನ್ನೆರಡು ಸಲವೂ ಪೂರ್ತಿ ಬರೆದಿದೆ. ಕೊನೆಗೆ ಮೊತ್ತ: ಬೆಳ್ಳಿ 2,400, ಚಿನ್ನ 120. ಒಂದು ವಾಕ್ಯದಲ್ಲಿ ಮುಗಿಸಬಹುದಿತ್ತು. 74,600 ಗಂಡಸರಿದ್ದ ಯೆಹೂದ ಕುಲಕ್ಕೆ ಎಷ್ಟು ಸಾಲುಗಳೋ, ಅದರ ಅರ್ಧದಷ್ಟೂ ಇಲ್ಲದ ಸಣ್ಣ ಕುಲಕ್ಕೂ ಅಷ್ಟೇ ಸಾಲು. ಓದುವಾಗ ಬೇಸರವಾಗುವುದು ನಿಜ. ಆದರೆ ತನ್ನ ಕುಲದ ಹೆಸರಿಗಾಗಿ ಕಾದು ಕೂತಿದ್ದವನ ಕಿವಿಗೆ ಆ ಸಾಲುಗಳು ಹೇಗೆ ಕೇಳಿದ್ದಿರಬೇಕು ಎಂದು ಯೋಚಿಸಿದ ಮೇಲೆ ನಾನು ಒಂದನ್ನೂ ಹಾರಿಸಿಲ್ಲ.

ಅದೇ ಪುಸ್ತಕದಲ್ಲಿ ಎರಡು ಜನಗಣತಿಗಳಿವೆ. ಮೊದಲನೆಯದರಲ್ಲಿ 6,03,550, ಅಡವಿಯ ಅಲೆದಾಟದ ಕೊನೆಯಲ್ಲಿ ನಡೆದ ಎರಡನೆಯದರಲ್ಲಿ 6,01,730. ಮೊತ್ತದಲ್ಲಿ ಕಡಿಮೆಯಾದದ್ದು 1,820 ಮಾತ್ರ. ಒಳಗೆ ಇಳಿದರೆ ಬೇರೆಯೇ ಕಥೆ. ಸಿಮೆಯೋನ ಕುಲ 59,300ರಿಂದ 22,200ಕ್ಕೆ ಕುಸಿದಿದೆ. ಕಾರಣವನ್ನು ನೇರವಾಗಿ ಹೇಳಿಲ್ಲ. ಆದರೆ ಹಿಂದಿನ ಅಧ್ಯಾಯದಲ್ಲೇ 24,000 ಮಂದಿ ವ್ಯಾಧಿಯಿಂದ ಸತ್ತಿದ್ದಾರೆ, ಅಲ್ಲಿ ಹೆಸರು ಹೇಳಿದ ತಪ್ಪಿತಸ್ಥ ಸಿಮೆಯೋನ ಕುಲದ ಮುಖಂಡ. ಮೊದಲ ಪಟ್ಟಿಯಲ್ಲಿದ್ದವರಲ್ಲಿ ಎರಡನೆಯದಕ್ಕೆ ಉಳಿದದ್ದು ಕಾಲೇಬ, ಯೆಹೋಶುವ ಇಬ್ಬರೇ. ಎರಡೂ ಎಣಿಕೆ ಯುದ್ಧಕ್ಕೆ ಹೋಗಬಲ್ಲ, 20 ವರ್ಷ ದಾಟಿದ ಗಂಡಸರದ್ದು. ಹಾಗಿದ್ದರೂ ಎರಡನೆಯದರ ನಡುವೆ ಚಲ್ಪಹಾದನ ಐವರು ಹೆಣ್ಣುಮಕ್ಕಳ ಹೆಸರುಗಳಿವೆ. ಮುಂದಿನ ಅಧ್ಯಾಯದಲ್ಲಿ ಆ ಐವರೂ ಇಡೀ ಸಭೆಯ ಎದುರು ನಿಂತು, ಗಂಡುಮಕ್ಕಳಿಲ್ಲದ ತಂದೆಯ ಸ್ವಾಸ್ತ್ಯ ತಮಗೆ ಬರಬೇಕೆಂದು ಕೇಳುತ್ತಾರೆ. ಅವರ ಮಾತು ನ್ಯಾಯವೆಂದು ದೇವರೇ ಹೇಳುತ್ತಾನೆ. ಆರು ಲಕ್ಷದ ಅಂಕಿಗೆ ಹೆದರಿ ಪುಟ ಮಗುಚಿದವರಿಗೆ ಈ ಐವರು ಸಿಗುವುದಿಲ್ಲ.

ಯಾಜಕಕಾಂಡದ 12ನೇ ಅಧ್ಯಾಯದಲ್ಲಿ ಹೆರಿಗೆಯಾದ ತಾಯಿ ತರಬೇಕಾದದ್ದು ಒಂದು ಕುರಿಮರಿ, ಒಂದು ಹಕ್ಕಿ. ಕುರಿಗೆ ಗತಿಯಿಲ್ಲದವಳು ಎರಡು ಹಕ್ಕಿ ತಂದರೆ ಸಾಕು. ನಮ್ಮ ಕ್ರಮದಲ್ಲಿ ಇದನ್ನು ಓದುವುದು ಜನವರಿ ಮುಗಿಯುವ ಹೊತ್ತಿಗೆ. ಅಕ್ಟೋಬರ್ ಕೊನೆಯ ವಾರ ಲೂಕನ ಎರಡನೆಯ ಅಧ್ಯಾಯ ಬರುತ್ತದೆ: ಮರಿಯಳೂ ಯೋಸೇಫನೂ ಕೂಸನ್ನು ಎತ್ತಿಕೊಂಡು ಯೆರೂಸಲೇಮಿಗೆ ಹೋಗುತ್ತಾರೆ, ಲೂಕ ಹೇಳುವುದು ಎರಡು ಹಕ್ಕಿಗಳ ಬಲಿಯನ್ನು. ಕುರಿಯ ಮಾತೇ ಇಲ್ಲ. ಆ ಮನೆಯ ಬಡತನವನ್ನು ಲೂಕ ಬಿಡಿಸಿ ಹೇಳುವುದಿಲ್ಲ. ಜನವರಿಯಲ್ಲಿ ದರಪಟ್ಟಿ ಓದಿದವರಿಗೆ ಹೇಳಬೇಕಾಗಿಯೂ ಇಲ್ಲ. ಮೊದಲ ಸಲ ಈ ಎರಡು ಪುಟ ಕೂಡಿಕೊಂಡಾಗ ನನಗೆ ಕಣ್ಣು ತುಂಬಿತ್ತು.

ಅಕ್ಟೋಬರಿನ ತನಕ ಕಾಯುವ ತೊಡಕಿಗೆ ಪರಿಹಾರ ಹುಡುಕಿದವರಲ್ಲಿ ಸ್ಕಾಟ್ಲೆಂಡಿನ ಡಂಡೀ ಊರಿನ ಸಭಾಪಾಲಕ ರಾಬರ್ಟ್ ಮರೆ ಮಕ್‌ಶೇನ್ ಒಬ್ಬರು. 1842ರಲ್ಲಿ ತಮ್ಮ ಸೇಂಟ್ ಪೀಟರ್ಸ್ ಸಭೆಗೆಂದು ಅವರು ಮಾಡಿಕೊಟ್ಟ ಪಟ್ಟಿಯಲ್ಲಿ ಜನವರಿ 1ಕ್ಕೆ ಆದಿಕಾಂಡ, ಮತ್ತಾಯ, ಎಜ್ರ, ಅಪೊಸ್ತಲರ ಕೃತ್ಯಗಳು, ನಾಲ್ಕರದ್ದೂ ಮೊದಲ ಅಧ್ಯಾಯ. ವರ್ಷದಲ್ಲಿ ಹಳೆಯ ಒಡಂಬಡಿಕೆ ಒಮ್ಮೆ, ಹೊಸದು ಮತ್ತು ಕೀರ್ತನೆಗಳು ಎರಡೆರಡು ಸಲ. ಒಟ್ಟು 1,599 ಅಧ್ಯಾಯ, ದಿನಕ್ಕೆ ನಾಲ್ಕಕ್ಕಿಂತ ಹೆಚ್ಚು. ಮರುವರ್ಷವೇ, 29ನೇ ವಯಸ್ಸಿಗೆ, ಅವರು ತೀರಿಕೊಂಡರು. ಪಟ್ಟಿ ಇಂದಿಗೂ ಬಳಕೆಯಲ್ಲಿದೆ. ಆದರೆ ದಿನಕ್ಕೆ ನಾಲ್ಕು ಕಡೆ ಮನಸ್ಸು ಹರಿಸುವುದು ಹೊಸಬರಿಗೆ ಭಾರ.

ಕನ್ನಡಿಗರಿಗೆ ಈ ಗ್ರಂಥ ಪೂರ್ತಿಯಾಗಿ ಸಿಕ್ಕಿದ್ದು 1830ರ ದಶಕದ ಆರಂಭದಲ್ಲಿ, ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಜೊತೆಗಾರರ ವರ್ಷಗಟ್ಟಲೆ ದುಡಿಮೆಯಿಂದ. ಮನೆಮನೆಯಲ್ಲಿ ಸಂಜೆಯ ಪ್ರಾರ್ಥನೆಗೆ ಅದು ತೆರೆಯುತ್ತ ಬಂದಿದೆ, ಹೆಚ್ಚಾಗಿ ಪರಿಚಿತ ಪುಟಗಳಲ್ಲೇ.

ಹೊಸದಾಗಿ ಶುರುಮಾಡುವವರಿಗೆ ನನ್ನ ಸಲಹೆ ಇದು. ಹೊಸ ಒಡಂಬಡಿಕೆಯ 260 ಅಧ್ಯಾಯಗಳನ್ನು ಸೋಮವಾರದಿಂದ ಶುಕ್ರವಾರದವರೆಗೆ ದಿನಕ್ಕೊಂದರಂತೆ ಓದಿ; 52 ವಾರಕ್ಕೆ ಶೇಷವಿಲ್ಲದೆ ಮುಗಿಯುತ್ತದೆ. ಹಳೆಯದನ್ನು ವಾರಕ್ಕೆ 18ರಂತೆ ಜೊತೆಗಿಟ್ಟುಕೊಳ್ಳಿ. 929 ಅಧ್ಯಾಯ ಮುಗಿದು ಏಳು ಅಧ್ಯಾಯಗಳ ಬಿಡುವು ಉಳಿಯುತ್ತದೆ. ಆ ಬಿಡುವನ್ನು ಎಲ್ಲಿ ಬೇಕಾದರೂ ಬಳಸಿ, ಯಾಜಕಕಾಂಡ ಮತ್ತು ಅರಣ್ಯಕಾಂಡದ ಪುಟಗಳನ್ನು ಮಾತ್ರ ದಯವಿಟ್ಟು ಬಿಡಬೇಡಿ.