ರಾತ್ರಿಯೊಂದಕ್ಕೆ ಮೂವತ್ತಮೂರು ರೂಪಾಯಿ

ರಾತ್ರಿ ಹನ್ನೊಂದು ಹೊಡೆದ ಮೇಲೆ ಹೋಟೆಲಿನ ಬಾಗಿಲೆಳೆದು, ನೆಲ ತೊಳೆದು, ಮರುದಿನದ ದೋಸೆಹಿಟ್ಟನ್ನು ರುಬ್ಬಿಟ್ಟು, ಮೇಜುಗಳನ್ನು ಒಂದಕ್ಕೊಂದು ಕೂಡಿಸಿ ಅವುಗಳ ಮೇಲೆಯೇ ಚಾಪೆ ಹಾಸಿ ಮಲಗಿದವರು ನಮ್ಮ ವಾಚಕರಲ್ಲಿ ಅನೇಕರಿರಬೇಕು. ಊರು ಬಿಟ್ಟು ಮುಂಬಯಿಗೆ ಬಂದ ನಮ್ಮ ಹುಡುಗರಲ್ಲಿ ಎಷ್ಟೋ ಮಂದಿಗೆ ಈ ಪಟ್ಟಣದಲ್ಲಿ ದೊರೆತ ಮೊದಲ ಮನೆ ಅದೇ. ಸಂಬಳ, ಊಟ, ಸೂರು ಈ ಮೂರೂ ಒಬ್ಬನೇ ಧನಿಯ ಕೈಯಿಂದ ಬರುವುದು ಒಂದು ಬಗೆಯ ಅನುಕೂಲವೇ ಸರಿ. ಆದರೆ ಕೆಲಸ ಹೋದ ದಿನ ಮೂರೂ ಒಟ್ಟಿಗೇ ಹೋಗುತ್ತವೆ. 2020ರ ಮಾರ್ಚ್ ತಿಂಗಳಲ್ಲಿ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಾಗ ಈ ಮಾತಿನ ಅರ್ಥವನ್ನು ಯಾರೂ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಹಾಗೆ ಬೀದಿಗೆ ಬಿದ್ದವನಿಗೆ ರಾತ್ರಿಯೊಂದನ್ನು ಕಳೆಯಲು ಸರಕಾರವು ಏನಾದರೂ ಏರ್ಪಾಡು ಮಾಡಿದೆಯೆ? ಮಾಡಿದ್ದರೆ ಅದರ ಹಣ ಎಲ್ಲಿಂದ ಬಂದು ಎಲ್ಲಿ ನಿಲ್ಲುತ್ತದೆ? ಲೆಕ್ಕದ ಪುಸ್ತಕ ಬರೆಯುವ ನಮ್ಮ ಗುಮಾಸ್ತ ಬಂಧುಗಳಿಗೂ ರುಚಿಸಬಹುದಾದ ವಿಷಯವಿದು. ಆದುದರಿಂದ ತುಸು ವಿವರವಾಗಿಯೇ ನೋಡೋಣ.

ಈ ಪ್ರಶ್ನೆ ಮುಂಬಯಿಗೆ ಹೊಸತಲ್ಲ. 1981ರಲ್ಲಿ ಮಹಾರಾಷ್ಟ್ರದ ಮುಖ್ಯಮಂತ್ರಿಗಳಾಗಿದ್ದ ಎ. ಆರ್. ಅಂತುಲೆಯವರು ಕಾಲುದಾರಿಗಳಲ್ಲಿ ಬೀಡುಬಿಟ್ಟವರನ್ನು ತೆರವು ಮಾಡಿಸಿ ಅವರವರ ಊರುಗಳಿಗೆ ಅಟ್ಟಲು ಹೊರಟಾಗ ಸಂಗತಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಲೇರಿತು. ಓಲ್ಗಾ ಟೆಲಿಸ್ ಮೊಕದ್ದಮೆಯೆಂದು ಹೆಸರಾದ ಆ ವ್ಯಾಜ್ಯದಲ್ಲಿ, ಬದುಕುವ ಹಕ್ಕಿನಲ್ಲಿ ಹೊಟ್ಟೆಪಾಡಿನ ಹಕ್ಕೂ ಅಡಕವಾಗಿದೆಯೆಂದು 1985ರಲ್ಲಿ ಮುಖ್ಯ ನ್ಯಾಯಾಧೀಶ ಚಂದ್ರಚೂಡರ ಪೀಠವು ಸಾರಿತು. ಕೆಲಸವಿರುವ ಕಡೆ ಮನುಷ್ಯನು ಮಲಗುತ್ತಾನೆ, ಅಲ್ಲಿಂದ ಎಬ್ಬಿಸಿದರೆ ಅನ್ನವನ್ನೂ ಕಿತ್ತುಕೊಂಡಂತೆ ಎಂಬುದು ವಾದದ ತಿರುಳು. ಆದರೂ ಕಾಲುದಾರಿಯಲ್ಲಿ ಮನೆ ಕಟ್ಟಿಕೊಳ್ಳುವ ಹಕ್ಕು ಯಾರಿಗೂ ಇಲ್ಲವೆಂದೂ ನೋಟೀಸು ಕೊಟ್ಟು ತೆರವು ಮಾಡಿಸಬಹುದೆಂದೂ ಅದೇ ತೀರ್ಪು ಹೇಳಿತು. ತತ್ತ್ವ ಬಡವನಿಗೆ, ಜಾಗ ಪೌರಸಭೆಗೆ!

1988-89ರಲ್ಲಿ ಕೇಂದ್ರ ಸರಕಾರವು ಕಾಲುದಾರಿಯಲ್ಲಿ ಬದುಕುವವರಿಗಾಗಿ ತಂಗುಮನೆ, ಶೌಚಾಲಯಗಳ ಯೋಜನೆಯೊಂದನ್ನು ಹೂಡಿತು. 2005ರ ಸುಮಾರಿಗೆ ಅದನ್ನು ರಾಜ್ಯಗಳ ಪಾಲಿಗೆ ಬಿಟ್ಟುಕೊಟ್ಟು ಕೇಂದ್ರವು ಕೈತೊಳೆದುಕೊಂಡಿತು. ಆ ಮೇಲೆ ಮತ್ತೆ ಎಚ್ಚರವಾದುದು ದಿಲ್ಲಿಯ ಚಳಿಯಿಂದ. 2009ರ ಡಿಸೆಂಬರದಲ್ಲಿ ಪೂಸಾ ರಸ್ತೆಯ ವೃತ್ತದಲ್ಲಿದ್ದ ತಾತ್ಕಾಲಿಕ ತಂಗುಮನೆಯೊಂದನ್ನು ಅಧಿಕಾರಿಗಳು ಕೆಡವಿದರು. ಕೊರೆಯುವ ಚಳಿಯಲ್ಲಿ ಜನ ಬಯಲಿಗೆ ಬಿದ್ದರು. ಆಹಾರದ ಹಕ್ಕಿನ ಮೊಕದ್ದಮೆಯಲ್ಲಿ ನ್ಯಾಯಾಲಯವೇ ನೇಮಿಸಿದ್ದ ಕಮಿಶನರರು ಇದನ್ನು ಬರೆದು ತಿಳಿಸಲಾಗಿ, 2010ರಲ್ಲಿ ಒಂದರ ಮೇಲೊಂದರಂತೆ ಆಜ್ಞೆಗಳು ಹೊರಟವು. ದೊಡ್ಡ ನಗರಗಳಲ್ಲಿ ಒಂದು ಲಕ್ಷ ಜನಸಂಖ್ಯೆಗೆ ಒಂದರಂತೆ, ವರ್ಷದುದ್ದಕ್ಕೂ, ಹಗಲು ರಾತ್ರಿ ತೆರೆದಿರುವ ಆಶ್ರಯತಾಣವಿರಬೇಕು ಎಂಬುದು ಅವುಗಳಲ್ಲಿ ಮುಖ್ಯವಾದುದು.

ಈ ಆಜ್ಞೆಗೆ ಹಣದ ಬೆನ್ನೆಲುಬು ದೊರೆತುದು 2013ರಲ್ಲಿ ಆರಂಭವಾದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದಿಂದ. ಕಟ್ಟಡದ ವೆಚ್ಚದಲ್ಲಿ ಮುಕ್ಕಾಲು ಪಾಲು ಕೇಂದ್ರದ್ದು, ಕಾಲು ಪಾಲು ರಾಜ್ಯದ್ದು ಎಂದು ಮೊದಲು ಗೊತ್ತಾಗಿತ್ತು. ಮುಂದೆ ಅದು ನೂರಕ್ಕೆ ಅರುವತ್ತು ಮತ್ತು ನಾಲ್ವತ್ತು ಎಂದಾಯಿತು. ಲಕ್ಷ ಜನಕ್ಕೆ ನೂರು ಮಂದಿಯಾದರೂ ತಂಗುವಷ್ಟು ಏರ್ಪಾಡು, ಒಬ್ಬೊಬ್ಬನಿಗೆ ಐವತ್ತು ಚದರಡಿ ಸ್ಥಳ, ನೀರು, ಬಚ್ಚಲು, ಹಾಸಿಗೆ, ಹೊದಿಕೆ, ಅಡುಗೆಗೊಂದು ಮೂಲೆ. ರೈಲು ನಿಲ್ದಾಣ, ಬಸ್ಸಿನ ಡಿಪೋ, ಸಗಟು ಮಾರುಕಟ್ಟೆಗಳ ಹತ್ತಿರವೇ ಕಟ್ಟಡವಿರಬೇಕೆಂಬ ಕಟ್ಟಳೆ. ಇವನ್ನು ಬರೆದವನು ಬೀದಿಯ ಬದುಕನ್ನು ಕಂಡವನೇ ಇರಬೇಕು. ತಂಗಿದವನಿಗೆ ಪಡಿತರ ಚೀಟಿ, ಬ್ಯಾಂಕಿನ ಖಾತೆ, ಗುರುತಿನ ಚೀಟಿಗಳನ್ನು ಮಾಡಿಸಿಕೊಡುವ ಕೆಲಸವೂ ಆಶ್ರಯತಾಣಕ್ಕೆ ಸೇರಿತ್ತು. ಮುಂಬಯಿಯಲ್ಲಿ ವಿಳಾಸವಿಲ್ಲದೆ ಪಡಿತರ ಚೀಟಿಗಾಗಿ ಅಲೆದವರಿಗೆ ಇದರ ಬೆಲೆ ಗೊತ್ತು.

ಇನ್ನು ದಿನನಿತ್ಯದ ಖರ್ಚು. ಐವತ್ತು ಮಂದಿಯ ಆಶ್ರಯತಾಣವೊಂದನ್ನು ನಡೆಸಲು ವರ್ಷಕ್ಕೆ 6 ಲಕ್ಷ ರೂಪಾಯಿಯೆಂದು ಅಭಿಯಾನದ ಮಾರ್ಗಸೂಚಿಯಲ್ಲಿ ಗೊತ್ತುಪಡಿಸಲಾಗಿತ್ತು. ತಿಂಗಳಿಗೆ ಐವತ್ತು ಸಾವಿರವಾಯಿತು, ತಲೆಗೆ ಸಾವಿರ, ರಾತ್ರಿಯೊಂದಕ್ಕೆ ಮೂವತ್ತಮೂರು ರೂಪಾಯಿ ಚಿಲ್ಲರೆ. ಇಂದು ಮುಂಬಯಿಯ ಸಾಧಾರಣ ಹೋಟೆಲಿನಲ್ಲಿ ಮಸಾಲೆದೋಸೆಯೊಂದು ಆ ಹಣಕ್ಕೆ ದೊರೆಯದು. ಆ ಮೂವತ್ತಮೂರರಲ್ಲಿಯೇ ಸರದಿಯಂತೆ ಹಗಲಿರುಳು ಕಾಯುವವರ ಸಂಬಳ, ವಿದ್ಯುತ್ತು, ನೀರು, ಹೊದಿಕೆ ಒಗೆಯುವ ಖರ್ಚು ಎಲ್ಲವೂ ಸಾಗಬೇಕು. ಈ ನೆರವಾದರೂ ಐದು ವರ್ಷಗಳಿಗೆ ಮಾತ್ರ. ಆರನೆಯ ವರ್ಷದ ದೀಪಕ್ಕೆ ಎಣ್ಣೆ ಹಾಕುವ ಭಾರ ರಾಜ್ಯ ಮತ್ತು ಪೌರಸಭೆಗಳ ಮೇಲೆ ಬೀಳುತ್ತಿತ್ತು.

ಅನುದಾನವೆಂಬುದು ಒಮ್ಮೆಗೇ ಬಂದು ಸುರಿಯುವ ಹಣವಲ್ಲ. ಕಂತಿನಲ್ಲಿ ಬರುತ್ತದೆ. ಹಿಂದಿನ ಕಂತನ್ನು ಹೇಗೆ ವೆಚ್ಚ ಮಾಡಲಾಯಿತೆಂಬ ವಿನಿಯೋಗ ಪ್ರಮಾಣಪತ್ರ ಮೇಲಕ್ಕೆ ಹೋಗದೆ ಮುಂದಿನ ಕಂತು ಕೆಳಕ್ಕೆ ಇಳಿಯದು. ಪೌರಸಭೆಯಿಂದ ರಾಜ್ಯಕ್ಕೆ, ರಾಜ್ಯದಿಂದ ದಿಲ್ಲಿಗೆ ಕಾಗದ ಏರಬೇಕು. ದಿಲ್ಲಿಯಿಂದ ಅದೇ ಮೆಟ್ಟಲುಗಳಲ್ಲಿ ಹಣ ಇಳಿಯಬೇಕು. ನಡುವೆ ಒಂದು ಮೇಜಿನ ಮೇಲೆ ಕಡತ ನಿದ್ರಿಸಿತೆಂದರೆ ಆಶ್ರಯತಾಣದ ಕಾವಲುಗಾರನಿಗೆ ಸಂಬಳವಿಲ್ಲ. ಕಚೇರಿಯಲ್ಲಿ ಕೆಲಸ ಮಾಡುವ ನಮ್ಮ ವಾಚಕರು ಈ ನಿದ್ರೆಯ ಪರಿಯನ್ನು ನಮಗಿಂತ ಚೆನ್ನಾಗಿ ಬಲ್ಲರು.

ಹಣವೇ ಇಲ್ಲದೆ ಕೆಲಸ ಕೆಟ್ಟಿತೆಂದರೆ ಒಂದು ಮಾತು. ಇಲ್ಲಿ ಕೆಟ್ಟುದು ಬೇರೆ ರೀತಿಯಲ್ಲಿ. 2016ರ ನವೆಂಬರದಲ್ಲಿ ಇ. ಆರ್. ಕುಮಾರ್ ಎಂಬವರ ಅರ್ಜಿಯ ವಿಚಾರಣೆಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಯೋಜನೆಯೂ ಇದೆ, ಹಣವೂ ಇದೆ, ಆದರೂ ಆಶ್ರಯತಾಣಗಳು ಏಳಲಿಲ್ಲವೆಂದು ಅಸಮಾಧಾನ ತಾಳಿ, ನಿವೃತ್ತ ನ್ಯಾಯಾಧೀಶ ಕೈಲಾಶ್ ಗಂಭೀರರ ಮುಖಂಡತ್ವದಲ್ಲಿ ಸಮಿತಿಯೊಂದನ್ನು ನೇಮಿಸಿತು. ಕೊಟ್ಟ ಅನುದಾನ ಖಜಾನೆಯಲ್ಲಿ, ಕೊಡಬೇಕಾದ ಮನುಷ್ಯ ಬೀದಿಯಲ್ಲಿ! ಇದಕ್ಕೆ ಬಹುಮಟ್ಟಿನ ಕಾರಣ ಜಾಗ. ಇಟ್ಟಿಗೆ, ಸಿಮೆಂಟಿಗೆ ದಿಲ್ಲಿಯಿಂದ ಹಣ ಬರಬಹುದು. ದಾದರದಲ್ಲಿಯೋ ಬೈಕುಳ್ಳಾದಲ್ಲಿಯೋ ನಾಲ್ಕು ಗುಂಟೆ ನೆಲ ಬರಲಾರದು. ನೆಲವಿರುವ ಕಡೆ, ಅಂದರೆ ಪಟ್ಟಣದ ಅಂಚಿನಲ್ಲಿ ಕಟ್ಟಿದರೆ ನಸುಕಿಗೇ ಮಾರುಕಟ್ಟೆಯಲ್ಲಿ ಮೂಟೆ ಹೊರಬೇಕಾದವನು ಅಲ್ಲಿಗೆ ಹೋಗಿ ಮಲಗುವುದಿಲ್ಲ. ನೆರೆಹೊರೆಯವರ ವಿರೋಧವೂ ಸಣ್ಣದಲ್ಲ. ನಿರ್ಗತಿಕರಿಗೆ ಸೂರು ಬೇಕೆನ್ನುವವರೇ ತಮ್ಮ ಗಲ್ಲಿಯಲ್ಲಿ ಬೇಡವೆನ್ನುತ್ತಾರೆ. ನಮ್ಮವರೂ ಇದಕ್ಕೆ ಹೊರತಲ್ಲವೆಂದು ನಾವು ಒಪ್ಪಿಕೊಳ್ಳಬೇಕು.

ಎಣಿಕೆಯ ಕಡೆಗೂ ಕಣ್ಣು ಹಾಯಿಸೋಣ. 2011ರ ಜನಗಣತಿಯಲ್ಲಿ ಫೆಬ್ರವರಿ 28ರ ರಾತ್ರಿ ಮನೆಯಿಲ್ಲದವರನ್ನು ಎಣಿಸಲಾಯಿತು. ದೇಶದಲ್ಲಿ 17 ಲಕ್ಷ 70 ಸಾವಿರಕ್ಕೂ ಹೆಚ್ಚು ಮಂದಿ. ಬೃಹನ್ಮುಂಬಯಿಯಲ್ಲಿ 57 ಸಾವಿರಕ್ಕೂ ಮೇಲೆ. ಒಂದೇ ರಾತ್ರಿಯಲ್ಲಿ ಸೇತುವೆಯ ಕೆಳಗೆ, ಅಂಗಡಿಯ ಜಗಲಿಯ ಮೇಲೆ ಮಲಗಿದವರನ್ನೆಲ್ಲ ಎಣಿಸುವುದು ಎಷ್ಟು ಕಷ್ಟವೆಂಬುದನ್ನು ಬಲ್ಲವರು ಈ ಸಂಖ್ಯೆ ಕಡಿಮೆಯೆಂದೇ ವಾದಿಸುತ್ತ ಬಂದಿದ್ದಾರೆ. ಇದನ್ನೇ ಸರಿಯೆಂದು ಹಿಡಿದರೂ, ಸುಮಾರು ಒಂದು ಕೋಟಿ ಇಪ್ಪತ್ತನಾಲ್ಕು ಲಕ್ಷ ಜನರಿದ್ದ ನಗರಕ್ಕೆ ಲಕ್ಷಕ್ಕೆ ನೂರರಂತೆ 12,400 ಹಾಸಿಗೆಗಳಾದವು. ಕಟ್ಟಳೆಯನ್ನು ಅಕ್ಷರಶಃ ಪಾಲಿಸಿದ್ದರೂ ಐವರಲ್ಲಿ ಒಬ್ಬನಿಗೆ ಹಾಸಿಗೆ, ಉಳಿದ ನಾಲ್ವರಿಗೆ ಆಕಾಶ.

ಆ ಅಭಿಯಾನದ ಅವಧಿಯೂ 2024ರ ಸಪ್ಟೆಂಬರದಲ್ಲಿ ಮುಗಿಯಿತು. ಹಣದ ಮೂಲ ಬದಲಾಗಬಹುದು. ಆಶ್ರಯತಾಣ ಬೇಕೆಂಬ ನ್ಯಾಯಾಲಯದ ಮಾತಿಗೆ ಅವಧಿ ಮುಗಿಯುವುದಿಲ್ಲ. ಕೆಲಸ ಕಳೆದುಕೊಂಡ ಹುಡುಗನೊಬ್ಬ ನಿಮ್ಮ ಕಣ್ಣಿಗೆ ಬಿದ್ದರೆ, ಪೌರಸಭೆಯ ವಾರ್ಡ್ ಕಚೇರಿಗೆ ಅವನೊಡನೆ ಹೋಗಿ, ಹತ್ತಿರದ ಆಶ್ರಯತಾಣ ಯಾವುದೆಂದು ಕೇಳಿರಿ. ಒಬ್ಬನೇ ಹೋದರೆ ಸಿಗದ ಉತ್ತರ ಇಬ್ಬರು ಹೋದರೆ ಸಿಗುವುದುಂಟು.

ಕೈಯಲ್ಲಿ ನಾಲ್ಕು ಕಾಸು ದುಡಿಯುವವರಿಗಾಗಿ ಬೇರೊಂದು ಏರ್ಪಾಡಿನ ಮಾತೂ ಕೇಳಿಬಂದಿತ್ತು. ಲಾಕ್‌ಡೌನಿನಲ್ಲಿ ನಡೆದುಕೊಂಡೇ ಊರು ಸೇರಿದವರನ್ನು ಕಂಡ ಮೇಲೆ, 2020ರ ಜುಲೈಯಲ್ಲಿ ಕೇಂದ್ರ ಸರಕಾರವು ವಲಸೆಗಾರರಿಗೆ ಅಗ್ಗದ ಬಾಡಿಗೆಯ ವಸತಿ ಸಂಕೀರ್ಣಗಳ ಯೋಜನೆಯನ್ನು ಸಾರಿತು. ಸಂಸಾರಸ್ಥರಿಗೆ ಮನೆ, ಒಂಟಿಯವರಿಗೆ ಸಾಲುಹಾಸಿಗೆಯ ಕೋಣೆ. ಅರ್ಹರ ಪಟ್ಟಿಯಲ್ಲಿ ಹೋಟೆಲು ಉದ್ಯಮದ ಕೆಲಸಗಾರರ ಹೆಸರೂ ಇತ್ತು. ನಮ್ಮ ಹುಡುಗರನ್ನು ಸರಕಾರದ ಕಾಗದವೊಂದು ಹೀಗೆ ನೆನೆದುದು ಅಪರೂಪವೇ. ಆದರೆ ಮೇಜಿನ ಮೇಲೆ ಮಲಗುವ ಪದ್ಧತಿ ಅದರಿಂದ ತಪ್ಪಿದುದನ್ನು ನಾವು ಕಾಣಲಿಲ್ಲ.

ಮುಂದಿನ ಜನಗಣತಿಗೆ 2027ರ ಮಾರ್ಚ್ 1ನ್ನು ಗೊತ್ತುಮಾಡಲಾಗಿದೆ. ಮನೆಯಿಲ್ಲದವನೆಂದರೆ ಸೂರಿಲ್ಲದ ಕಡೆ ಮಲಗುವವನು ಎಂಬುದು ಗಣತಿಯವರ ವ್ಯಾಖ್ಯೆ. ಹೋಟೆಲಿನ ಮೇಜಿನ ಮೇಲೆ ಮಲಗಿದವನ ತಲೆಯ ಮೇಲೆ ಸೂರಿದೆ. ಆದುದರಿಂದ ಆ ರಾತ್ರಿ ಅವನು ಮನೆಯುಳ್ಳವರ ಲೆಕ್ಕದಲ್ಲಿ ಸೇರುತ್ತಾನೆ. ಅದರ ಮರುದಿನ ಧನಿ ಅವನ ಲೆಕ್ಕ ಚುಕ್ತಾ ಮಾಡಿ ಕಳಿಸಿದರೆ, ಯಾವ ಅನುದಾನದ ಲೆಕ್ಕದಲ್ಲಿಯೂ ಅವನು ಇರುವುದಿಲ್ಲ.